ಯಾರನ್ನು ಕೇಳಿ ಮಾಡಿದಿರಿ?

2020ರ ಮಾರ್ಚ್ ಕೊನೆಯ ವಾರ, ಮಂಗಳೂರಿನ ದಕ್ಷಿಣಕ್ಕಿರುವ ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಕೇರಳಕ್ಕೆ ಹೋಗುವ ಒಳದಾರಿಗಳ ಮೇಲೆ ಮಣ್ಣಿನ ರಾಶಿ ಬಿತ್ತು. ಕಾಸರಗೋಡು ಜಿಲ್ಲೆಯಲ್ಲಿ ಕೊರೋನಾ ಪ್ರಕರಣಗಳು ದಿನದಿಂದ ದಿನಕ್ಕೆ ಏರುತ್ತಿದ್ದವು; ಸೋಂಕು ಈ ಕಡೆ ದಾಟಬಾರದು ಎಂಬುದು ಕರ್ನಾಟಕದ ನಿಲುವು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆಯಿಂದ ರೋಗಿಗಳನ್ನು ಹೊತ್ತು ಬಂದ ಆಂಬುಲೆನ್ಸ್‌ಗಳು ಗಡಿಯಿಂದಲೇ ಹಿಂದೆ ಹೋದವು. ಅವು ಹೊರಟದ್ದು ಎದೆನೋವಿಗೆ, ಡಯಾಲಿಸಿಸ್‌ಗೆ, ಹೆರಿಗೆಗೆ. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದರಂತೆ ಬಂತು.

ಆ ಜನ ಮಂಗಳೂರಿಗೇ ಯಾಕೆ ಬರುತ್ತಾರೆ ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಜಿಲ್ಲಾ ಕಚೇರಿ, ಕೋರ್ಟು, ಕಾಲೇಜು, ಆಸ್ಪತ್ರೆ ಎಲ್ಲವೂ ಮಂಗಳೂರಿನಲ್ಲಿ. ರಾಜ್ಯ ಬೇರೆಯಾದ ಮೇಲೂ ಮದುವೆ ಸಂಬಂಧಗಳು ಬದಲಾಗಲಿಲ್ಲ, ಆಸ್ಪತ್ರೆಯ ದಾರಿಯೂ ಬದಲಾಗಲಿಲ್ಲ. ಸುಳ್ಯವೂ ಸೇರಿ ಇವತ್ತಿನ ದಕ್ಷಿಣ ಕನ್ನಡದಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ. ಗಡಿಯಾಚೆ ಉಕ್ಕಿನಡ್ಕದಲ್ಲಿ ಕಾಸರಗೋಡಿನ ಸರಕಾರಿ ವೈದ್ಯಕೀಯ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. ಗಡಿ ಮುಚ್ಚಿದಾಗ ಅದಿನ್ನೂ ಆಸ್ಪತ್ರೆಯಾಗಿ ತೆರೆದಿರಲಿಲ್ಲ. ಅದನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆಯಾಗಿ ಮಾಡಿದ್ದು 2020ರ ಏಪ್ರಿಲ್‌ನಲ್ಲಿ.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿಗೆ ಧಕ್ಕೆ ಎಂದು ಹೇಳಿ, ತಡೆ ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳ ಓಡಾಟಕ್ಕೆ ಎರಡೂ ರಾಜ್ಯಗಳು ನಿಯಮ ಒಪ್ಪಿಕೊಂಡಿವೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಕೋವಿಡ್ ಇಲ್ಲ ಎಂಬ ವೈದ್ಯರ ಪ್ರಮಾಣಪತ್ರ ಹಿಡಿದು, ತಲಪಾಡಿಯಲ್ಲಿ ತಪಾಸಣೆ ಮಾಡಿಸಿಕೊಂಡು ಆಂಬುಲೆನ್ಸ್ ದಾಟಬಹುದಾಯಿತು.

ಜೈವಿಕ ನೀತಿಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಮಂಗಳೂರಿಗೆ ಬೇಕಿಲ್ಲ. ಎರಡೂ ಕಡೆಯ ವಾದ ಈ ಶಾಸ್ತ್ರದ ಎರಡು ಹಳೆಯ ದಾರಿಗಳಿಂದಲೇ ಬಂದದ್ದು. ಬೆಂಥಮ್ ಮತ್ತು ಮಿಲ್ ತೋರಿಸಿದ ದಾರಿ ಫಲವನ್ನು ಲೆಕ್ಕ ಹಾಕುತ್ತದೆ: ಯಾವ ಕ್ರಮದಿಂದ ಹೆಚ್ಚು ಮಂದಿಗೆ ಹೆಚ್ಚು ಒಳಿತಾಗುತ್ತದೋ ಅದೇ ಸರಿ. ಕೆಲವರಿಗೆ ತೊಂದರೆಯಾದರೂ ಲಕ್ಷಾಂತರ ಜನ ಉಳಿಯುತ್ತಾರೆ ಎಂದವರು ಈ ದಾರಿಯಲ್ಲಿದ್ದರು. ಕಾಂಟ್ ತೋರಿಸಿದ ದಾರಿ ಕರ್ತವ್ಯದ್ದು: ಒಬ್ಬ ಮನುಷ್ಯನನ್ನು ಇನ್ನೊಬ್ಬರ ಒಳಿತಿಗೆ ಬರೀ ಸಾಧನವಾಗಿ ಬಳಸಕೂಡದು, ಲೆಕ್ಕ ಎಷ್ಟೇ ಚೆನ್ನಾಗಿದ್ದರೂ. ಉಸಿರು ಕಟ್ಟುತ್ತಿರುವ ರೋಗಿಯ ಮುಂದೆ ದಾರಿ ಮುಚ್ಚಬಾರದು ಎಂದ ಹೈಕೋರ್ಟಿನ ಮಾತು ಈ ದಾರಿಗೆ ಹತ್ತಿರ.

ಆದರೆ ಫಲದ ಲೆಕ್ಕವನ್ನೇ ಹಿಡಿದು ನೋಡಿದರೂ ತಲಪಾಡಿಯ ಲೆಕ್ಕ ಅರೆಬರೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಲೇಬೇಕಾದವರು ಯಾರು, ಯಾವ ಆಸ್ಪತ್ರೆಗೆ ಬರುತ್ತಾರೆ ಎಂಬುದು ಮಂಗಳೂರಿನ ಆಸ್ಪತ್ರೆಗಳ ರಿಜಿಸ್ಟರಿನಲ್ಲೇ ಇತ್ತು. ಮುಚ್ಚುವ ತೀರ್ಮಾನದ ದಿನ ಆ ಹೆಸರುಗಳನ್ನು ಯಾರೂ ಮುಂದೆ ಇಟ್ಟುಕೊಳ್ಳಲಿಲ್ಲ. ಸೋಂಕಿನ ಭಯ ನಿಜವಾದದ್ದೇ. ಆಗ ಲಸಿಕೆ ಇರಲಿಲ್ಲ, ಹಾಸಿಗೆ, ವೆಂಟಿಲೇಟರ್ ಎಷ್ಟು ಸಾಲುತ್ತವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಏಪ್ರಿಲ್ 7ರಂದು ಸಾಧ್ಯವಾದ ತಪಾಸಣೆಯ ಏರ್ಪಾಡು ಮಾರ್ಚ್ ಕೊನೆಯಲ್ಲಿ ಅಸಾಧ್ಯವೇನೂ ಆಗಿರಲಿಲ್ಲ. ಅದಕ್ಕೆ ಬೇಕಿದ್ದದ್ದು ಹೊಸ ಔಷಧಿ ಅಲ್ಲ, ಹೊಸ ಯಂತ್ರವೂ ಅಲ್ಲ. ಈ ತೀರ್ಮಾನದ ಪೆಟ್ಟು ಯಾರ ಮೇಲೆ ಬೀಳುತ್ತದೋ ಅವರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೆ.

ಈ ಅಧ್ಯಾಯದ ವಾದ ಇದೇ. ಜೀವ, ಆರೋಗ್ಯ, ಸಂಶೋಧನೆಯ ವಿಷಯದಲ್ಲಿ ಜಗತ್ತು ಒಪ್ಪಿಕೊಂಡ ಸೂತ್ರಗಳು ಎಷ್ಟೇ ಇರಲಿ, ಪೆಟ್ಟು ತಿನ್ನುವವರನ್ನು ಮೊದಲೇ ಕೇಳಿದರೆ ಮಾತ್ರ ಅವು ನಿಲ್ಲುತ್ತವೆ. ಮಂಗಳೂರಿನ ಸುತ್ತಮುತ್ತಲ ಐವತ್ತು ವರ್ಷಗಳ ಅನುಭವ ಇದನ್ನೇ ಮತ್ತೆ ಮತ್ತೆ ತೋರಿಸಿದೆ.

ಸೂತ್ರಗಳು ಎಲ್ಲಿಂದ ಬಂದವು ಎಂದು ಮೊದಲು ನೋಡೋಣ. ಜರ್ಮನಿಯ ಹಾಲೆ ನಗರದ ಪಾದ್ರಿ ಫ್ರಿಟ್ಸ್ ಯಾರ್ 1927ರಲ್ಲಿ 'ಕಾಸ್ಮೋಸ್' ಪತ್ರಿಕೆಯ ಲೇಖನವೊಂದರಲ್ಲಿ 'ಬಯೋ-ಎಥಿಕ್' ಎಂಬ ಹೆಸರು ಬಳಸಿದರು. ಮನುಷ್ಯರ ಜೊತೆಗೆ ಪ್ರಾಣಿ, ಗಿಡಮರಗಳ ಬಗ್ಗೆಯೂ ಮನುಷ್ಯನಿಗೆ ಹೊಣೆ ಇದೆ ಎಂಬುದು ಅವರ ವಾದ. ಯಾರೂ ಕಿವಿಗೊಡಲಿಲ್ಲ. 1970ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕ್ಯಾನ್ಸರ್ ವಿಜ್ಞಾನಿ ವ್ಯಾನ್ ರೆನ್ಸೆಲಾರ್ ಪಾಟರ್ ಅದೇ ಹೆಸರನ್ನು ತಾವಾಗಿಯೇ ಕಂಡುಕೊಂಡರು. ಅವರ ಯೋಚನೆಯೂ ದೊಡ್ಡದು: ಜೀವವಿಜ್ಞಾನದ ತಿಳಿವು ಮತ್ತು ಮನುಷ್ಯನ ಮೌಲ್ಯಗಳು ಕೂಡದಿದ್ದರೆ ಈ ಭೂಮಿಯಲ್ಲಿ ಮನುಷ್ಯಕುಲ ಬಹುಕಾಲ ಉಳಿಯಲಾರದು ಎಂದು ಅವರು ನಂಬಿದ್ದರು. ನದಿ, ಕಾಡು, ಗಾಳಿ, ಹುಟ್ಟದ ಮಕ್ಕಳು ಎಲ್ಲವೂ ಅದರೊಳಗೆ ಸೇರಿದ್ದವು.

ಆದರೆ ಶಾಸ್ತ್ರ ಬೆಳೆದದ್ದು ಆಸ್ಪತ್ರೆ ಮತ್ತು ಪ್ರಯೋಗಾಲಯದ ಗೋಡೆಗಳ ಒಳಗೆ. ಅದಕ್ಕೆ ಕಾರಣವೂ ಇತ್ತು. ನಾಜಿ ಶಿಬಿರಗಳಲ್ಲಿ ಕೈದಿಗಳ ಮೇಲೆ ಪ್ರಯೋಗ ನಡೆಸಿದ ವೈದ್ಯರ ವಿಚಾರಣೆಯ ಕೊನೆಗೆ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಪ್ರಯೋಗಕ್ಕೆ ಒಳಗಾಗುವವನ ಸ್ವಯಂಪ್ರೇರಿತ ಒಪ್ಪಿಗೆ ಕಡ್ಡಾಯ ಎಂಬುದು ಅದರ ಮೊದಲ ಕಲಮು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಜನರನ್ನು ಸರಕಾರಿ ಆರೋಗ್ಯ ಇಲಾಖೆಯೇ ಅಧ್ಯಯನಕ್ಕೆ ಒಡ್ಡಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ಅದಕ್ಕೆ ಪೆನಿಸಿಲಿನ್ ಮದ್ದು ಎಂದು ಗೊತ್ತಾದ ಮೇಲೂ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡಲು ಔಷಧಿ ಕೊಡದೆ ಬಿಟ್ಟರು. ಸುದ್ದಿ ಹೊರಬಿದ್ದಾಗ ಹುಟ್ಟಿದ ಆಯೋಗವೇ ಬೆಲ್ಮಂಟ್ ವರದಿ ಬರೆದದ್ದು. 1979ರಲ್ಲಿ ಟಾಮ್ ಬೋಶಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ ಬರೆದ ಗ್ರಂಥ ನಾಲ್ಕು ಸೂತ್ರಗಳನ್ನು ಮುಂದಿಟ್ಟಿತು: ರೋಗಿಯ ಸ್ವಂತ ನಿರ್ಧಾರಕ್ಕೆ ಗೌರವ, ಕೆಡುಕು ಮಾಡದಿರುವುದು, ಒಳಿತು ಮಾಡುವುದು, ನ್ಯಾಯ. ಇವತ್ತು ಮಂಗಳೂರಿನ ಎಂಬಿಬಿಎಸ್ ವಿದ್ಯಾರ್ಥಿಯೂ ಇವನ್ನು ಬಾಯಿಪಾಠ ಹೇಳುತ್ತಾನೆ. 2019ರಿಂದ ನಡತೆ, ನೀತಿ ಮತ್ತು ಮಾತುಕತೆಯ ಪಾಠ ದೇಶದ ವೈದ್ಯಕೀಯ ಪಠ್ಯಕ್ರಮದಲ್ಲೇ ಸೇರಿದೆ.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1980ರಲ್ಲಿ ಮೊದಲ ನೀತಿ ಹೇಳಿಕೆ ತಂದಿತು. 2000ದಲ್ಲಿ ಬಂದ ವಿಸ್ತಾರವಾದ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಅದು 2006ರಲ್ಲಿ, ಮತ್ತೆ 2017ರಲ್ಲಿ ಪರಿಷ್ಕಾರವಾಯಿತು.

ನಾಲ್ಕು ಸೂತ್ರಗಳ ಪಟ್ಟಿಯಲ್ಲಿ ನ್ಯಾಯ ಕೊನೆಯದು. ಕರಾವಳಿಯಲ್ಲಿ ನಿಂತು ನೋಡಿದರೆ ಅದು ಮೊದಲಿಗೆ ಬರಬೇಕು ಅನಿಸುತ್ತದೆ. ಹಾಗನಿಸುವುದಕ್ಕೆ ಮುಖ್ಯ ಕಾರಣ ಗೇರು ತೋಟಗಳ ಕಥೆ.

ಕಾಸರಗೋಡಿನ ಗುಡ್ಡೆಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿವೆ, ಸಾವಿರಾರು ಹೆಕ್ಟೇರ್. ಗೇರು ಹೂ ಬಿಡುವ ಕಾಲಕ್ಕೆ ಟೀ ಸೊಳ್ಳೆಯ ಕಾಟ. ಅದನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಯ ಸುತ್ತ ಅದನ್ನೇ ಮಾಡಿತು. ತೋಟಗಳು ಗುಡ್ಡೆಯ ನೆತ್ತಿಯಲ್ಲಿ, ಮನೆಗಳು ಕೆಳಗೆ ಕಣಿವೆಯಲ್ಲಿ. ಮೇಲೆ ಸುರಿದದ್ದು ಮಳೆಯೊಡನೆ ಕೆಳಗೇ ಇಳಿಯಬೇಕು.

ವಿಮಾನದಿಂದ ಸಿಂಪಡಿಸುವಾಗ ನೀರಿನ ಮೂಲಗಳನ್ನೆಲ್ಲ ಮುಚ್ಚಬೇಕು ಎಂಬ ನಿಯಮ ಕಾಗದದಲ್ಲಿತ್ತು. ಪಡ್ರೆ, ಎಣ್ಮಕಜೆಯಂಥ ಊರುಗಳನ್ನು ನೋಡಿದವರಿಗೆ ಈ ನಿಯಮ ಎಂಥದ್ದೆಂದು ತಕ್ಷಣ ಗೊತ್ತಾಗುತ್ತದೆ. ಅಲ್ಲಿನ ಜನ ಕುಡಿಯುವುದು ಸುರಂಗದ ನೀರು. ಗುಡ್ಡೆಯ ಬದಿಗೆ ಅಡ್ಡಲಾಗಿ ಮಾರುಗಟ್ಟಲೆ ಕೊರೆದ ಸುರಂಗದಿಂದ ನೀರು ತಾನಾಗಿ ಹರಿದು ಬಂದು ತೆರೆದ ಕೆರೆಗೆ ಬೀಳುತ್ತದೆ. ಅದರಿಂದಲೇ ಮನೆಗೆ, ಅಡಿಕೆ ತೋಟಕ್ಕೆ, ದನಗಳಿಗೆ. ಗುಡ್ಡೆಯನ್ನೇ ಮುಚ್ಚುವುದು ಹೇಗೆ? ನಿಯಮ ಬರೆದವರು ಸುರಂಗ ಇರುವ ಊರಿನ ಒಬ್ಬ ರೈತನನ್ನು ಕೇಳಿದ್ದರೂ ಅದು ಆಗದ ಮಾತೆಂದು ಆತ ಹೇಳುತ್ತಿದ್ದ.

ಊರಿನವರು ಸುಮ್ಮನಿರಲಿಲ್ಲ. ಅಡಿಕೆ ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆ, ಕಾಲು ತಿರುಚಿಕೊಂಡು ಹುಟ್ಟಿದ ಕರುಗಳ ಬಗ್ಗೆ ಬಹಳ ಮೊದಲೇ ಬರೆದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ 1980ರ ದಶಕದಿಂದ ಅಲ್ಲಿ ಚಿಕಿತ್ಸೆ ಮಾಡುತ್ತ, ತಮ್ಮ ಸಣ್ಣ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಯಾಕೆ ಇಷ್ಟು ಎಂದು ಮನೆ ಮನೆಯ ಲೆಕ್ಕ ಇಟ್ಟರು, ವೈದ್ಯಕೀಯ ಪತ್ರಿಕೆಗೆ ಬರೆದು ತಿಳಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಒಬ್ಬ ಕೃಷಿಕ, ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಸರಕಾರಿ ನೌಕರಳು: ಸಮಿತಿಯೂ ಹುದ್ದೆಯೂ ಇಲ್ಲದೆ ನೀತಿಶಾಸ್ತ್ರದ ಕೆಲಸ ಮಾಡಿದವರು ಇವರೇ.

ವಿಜ್ಞಾನ ಏನು ಹೇಳಿತು? 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಹಾಲು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಕಂಡಿತು. ತೋಟದ ಒಡೆತನದ ನಿಗಮವೇ ಮಾಡಿಸಿದ ಇನ್ನೊಂದು ಪರೀಕ್ಷೆ ಹಾಗೇನೂ ಇಲ್ಲ ಎಂದಿತು. ಯಾರು ಹಣ ಕೊಟ್ಟರು ಎಂಬುದು ಫಲಿತಾಂಶವನ್ನು ಓದುವಾಗ ಮರೆಯಬಾರದ ಸಂಗತಿ ಎಂದು ಸಂಶೋಧನಾ ನೀತಿಯ ಪಾಠಗಳು ಹೇಳುವುದು ಇಂಥ ಹೊತ್ತಿಗೇ. ಬಳಿಕ ಐಸಿಎಂಆರ್‌ನ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಸಿಂಪಡಣೆಗೆ ಒಳಗಾದ ಊರಿನ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನೂ ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿತು. 2003ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದ ಆ ಪ್ರಬಂಧ, ಸಿಂಪಡಣೆಯ ಊರಿನ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿದೆ, ಹಾರ್ಮೋನುಗಳಲ್ಲಿ ಏರುಪೇರಾಗಿದೆ ಎಂದು ತೋರಿಸಿತು.

ಆ ಅಧ್ಯಯನಕ್ಕೆ ಹದಿಹರೆಯದ ಹುಡುಗರ ಗುಪ್ತಾಂಗದ ಪರೀಕ್ಷೆ ಆಗಬೇಕಿತ್ತು. ಕೆಲವರು ಒಪ್ಪಲಿಲ್ಲ. ಕಡಿಮೆ ಮಂದಿ ಸಿಕ್ಕಿದ್ದರಿಂದ ತಮ್ಮ ತೀರ್ಮಾನಕ್ಕೆ ಮಿತಿ ಇದೆ ಎಂದು ಸಂಶೋಧಕರೇ ಬರೆದರು. ಇದು ಗಮನಿಸಬೇಕಾದ ವಿಷಯ. ವಿಷ ಸುರಿಯುವಾಗ ಯಾರೂ ಆ ಮಕ್ಕಳ ಮನೆಯವರನ್ನು ಕೇಳಿರಲಿಲ್ಲ. ವಿಷದ ಪರಿಣಾಮ ಅಳೆಯುವಾಗ ಕೇಳಲೇಬೇಕಾಯಿತು, ಬೇಡ ಅನ್ನಲು ಅವರಿಗೆ ಹಕ್ಕಿತ್ತು. ತೋಟಗಾರಿಕೆಯ ಹೆಸರಿನಲ್ಲಿ ಎರಡು ದಶಕ ನಡೆದದ್ದು ಸಂಶೋಧನೆಯ ಹೆಸರಿನಲ್ಲಿ ಒಂದು ದಿನವೂ ನಡೆಯಲು ಸಾಧ್ಯವಿರಲಿಲ್ಲ. ಪ್ರಯೋಗಾಲಯಕ್ಕೆ ಇಷ್ಟು ಬಿಗಿಯಾದ ಕಾವಲು, ಹಳ್ಳಿಯ ಮೇಲಿನ ಆಕಾಶಕ್ಕೆ ಯಾವ ಕಾವಲೂ ಇಲ್ಲ. ಯಾರ್ ಮತ್ತು ಪಾಟರ್ ಹೇಳಿದ ವಿಶಾಲ ಅರ್ಥವನ್ನು ಕೈಬಿಟ್ಟದ್ದರ ನಷ್ಟ ಇದು.

ಪ್ರತಿಯೊಂದು ಮಗುವಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣ ಎಂದು ಸಾಬೀತು ಮಾಡುವುದು ಕಷ್ಟ, ಅದರ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇನ್ನೂ ಇದೆ. ಆದರೆ ಸಾಬೀತು ಮಾಡುವ ಭಾರ ಯಾರ ಹೆಗಲ ಮೇಲಿರಬೇಕು ಎಂಬುದು ವಿಜ್ಞಾನದ ಪ್ರಶ್ನೆ ಅಲ್ಲ, ನೀತಿಯದು. ಗಂಭೀರ ಹಾನಿಯ ಸಂಶಯ ಇದ್ದಾಗ ನಿರಪಾಯಕಾರಿ ಎಂದು ತೋರಿಸಬೇಕಾದವನು ಸುರಿಯುವವನು. ಇದನ್ನು ಮುನ್ನೆಚ್ಚರಿಕೆಯ ತತ್ವ ಎನ್ನುತ್ತಾರೆ, ಸುಪ್ರೀಂ ಕೋರ್ಟು ಇದನ್ನು 1996ರಲ್ಲೇ ಈ ದೇಶದ ಕಾನೂನಿನ ಭಾಗ ಎಂದಿದೆ. ಎಂಡೋಸಲ್ಫಾನ್ ಮೇಲೆ ಅದು ತಡೆ ಹಾಕಿದ್ದು 2011ರ ಮೇ 13ರಂದು. ಹಿಂದಿನ ತಿಂಗಳಷ್ಟೇ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಜಗತ್ತಿನಾದ್ಯಂತ ಅದನ್ನು ಹಂತಹಂತವಾಗಿ ನಿಲ್ಲಿಸಲು ಒಪ್ಪಿದ್ದವು. 2017ರ ಜನವರಿಯಲ್ಲಿ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳಕ್ಕೆ ಹೇಳಿತು. ಈ ಕಡೆ ದಕ್ಷಿಣ ಕನ್ನಡದಲ್ಲಿ ಮಾಸಾಶನ ಬಂತು. ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಅಲ್ಲಿಗೆ ಬರುವವರಲ್ಲಿ ಅನೇಕರು ಈಗ ಮಕ್ಕಳಲ್ಲ, ಪ್ರಾಯದವರು. ಅವರನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿಗೆ ವಯಸ್ಸಾಗುತ್ತಿದೆ. ಹಗಲು ಮಾತ್ರ ನೋಡಿಕೊಳ್ಳುವ ವ್ಯವಸ್ಥೆ ಇನ್ನೆಷ್ಟು ವರ್ಷ ಸಾಕಾದೀತು ಎಂಬ ಪ್ರಶ್ನೆಗೆ ಸರಕಾರ ಆ ತಾಯಂದಿರ ಜೊತೆಗೆ ಕೂತು ಉತ್ತರ ಹುಡುಕಬೇಕು.

ಇನ್ನು ಆಸ್ಪತ್ರೆಯ ಒಳಗೆ ಬರೋಣ.

ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರದ್ದು. ಅದು ಸರಕಾರಿ ಜಿಲ್ಲಾಸ್ಪತ್ರೆ, ಜೊತೆಗೆ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಲಿಯುವ ಜಾಗ. ಹೆರಿಗೆಯ ಲೇಡಿಗೋಶನ್ ಕೂಡ ಹಾಗೆಯೇ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ 1880ರಲ್ಲಿ ಜರ್ಮನ್ ಪಾದ್ರಿಯೊಬ್ಬರು ಬಡವರಿಗೆ ಹೋಮಿಯೋಪತಿ ಮದ್ದು ಹಂಚುತ್ತ ಆರಂಭಿಸಿದ್ದು, ಈಗ ವೈದ್ಯಕೀಯ ಕಾಲೇಜು. ದೇರಳಕಟ್ಟೆಯಲ್ಲಂತೂ ಕಾಲೇಜುಗಳ ಸಾಲೇ ಇದೆ. ವೈದ್ಯಕೀಯ ಸ್ನಾತಕೋತ್ತರ ಪದವಿಗೆ ಪ್ರಬಂಧ ಕಡ್ಡಾಯ. ಹಾಗಾಗಿ ಒಂದೇ ನಗರದಲ್ಲಿ ಪ್ರತಿವರ್ಷ ನೂರಾರು ಸಣ್ಣ ಅಧ್ಯಯನಗಳು ನಡೆಯುತ್ತವೆ, ಅವುಗಳಿಗೆ ರಕ್ತ, ಸ್ಕ್ಯಾನು, ಪ್ರಶ್ನಾವಳಿಯ ಉತ್ತರ ಕೊಡುವವರು ಹೆಚ್ಚಾಗಿ ಜನರಲ್ ವಾರ್ಡಿನ ರೋಗಿಗಳು. ಕಲಿಕೆಯ ಭಾರ ಬಡವರ ಮೇಲೆ, ಕಲಿತದ್ದರ ಲಾಭ ಎಲ್ಲರಿಗೆ. ಬೆಲ್ಮಂಟ್ ವರದಿ ನ್ಯಾಯದ ಹೆಸರಿನಲ್ಲಿ ಎಚ್ಚರಿಸಿದ್ದು ನೇರವಾಗಿ ಇದರ ಬಗ್ಗೆ.

ಆ ರೋಗಿಯ ಒಪ್ಪಿಗೆ ಹೇಗೆ ಸಿಗುತ್ತದೆ? ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಗಡಿಯಾಚೆಯವರಾದರೆ ಮಲಯಾಳ. ಓದುವುದಾದರೆ ಕನ್ನಡ. ಮುಂದೆ ಕೂತ ಯುವ ವೈದ್ಯೆ ಉತ್ತರ ಭಾರತದವಳಾಗಿರಬಹುದು, ಕೊಟ್ಟಾಯಂನವಳಾಗಿರಬಹುದು. ಮಾಹಿತಿ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಲು ಬಾರದವರಿಗೆ ಸಂಬಂಧಪಡದ ಸಾಕ್ಷಿಯ ಎದುರು ಓದಿ ಹೇಳಬೇಕು ಎಂದು ಐಸಿಎಂಆರ್ ಮಾರ್ಗಸೂಚಿ ಹೇಳುತ್ತದೆ. ಆದರೆ ಅಚ್ಚಾದ ಕನ್ನಡದಲ್ಲಿ 'ಯಾದೃಚ್ಛಿಕವಾಗಿ ವಿಂಗಡಿಸಲಾಗುವುದು' ಎಂದು ಬರೆದರೆ ಕನ್ನಡದ ಮೇಷ್ಟ್ರಿಗೂ ಗೊತ್ತಾಗಲಿಕ್ಕಿಲ್ಲ. ಯಾರಿಗೆ ಯಾವ ಮದ್ದು ಎಂದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ ಎಂದು ತುಳುವಿನಲ್ಲಿ ಹೇಳಿದರೆ ಕೂಲಿಯವನಿಗೂ ತಿಳಿಯುತ್ತದೆ, ತಿಳಿದ ಮೇಲೆ ಆತ ಬೇಡ ಅನ್ನಲೂಬಹುದು. ಆ ಕೆಲಸವನ್ನು ಇವತ್ತು ನಿಜವಾಗಿ ಮಾಡುತ್ತಿರುವವರು ವಾರ್ಡಿನ ನರ್ಸುಗಳು, ಆಯಾಗಳು. ಅವರ ಹೆಸರು ಯಾವ ಪ್ರಬಂಧದಲ್ಲೂ ಬರುವುದಿಲ್ಲ, ಬರಬೇಕು.

'ಡಾಕ್ಟ್ರೇ, ನೀವು ಹೇಳಿದ ಹಾಗೆ' ಎಂಬ ಮಾತು ಇನ್ನೊಂದು ತೊಡಕು. ಅದರಲ್ಲಿ ನಂಬಿಕೆ ಇದೆ, ನಂಬಿಕೆ ಒಳ್ಳೆಯದು. ಆದರೆ ಅದು ಒಪ್ಪಿಗೆ ಅಲ್ಲ. ಹೆಚ್ಚಿನ ಮನೆಗಳಲ್ಲಿ ಉತ್ತರ ಹೇಳುವವನು ರೋಗಿ ಅಲ್ಲ, ಜೊತೆಗೆ ಬಂದ ಗಂಡ, ಅಣ್ಣ, ಮಗ. ಅಳಿಯಸಂತಾನದ ಮನೆಗಳಲ್ಲಿ ಒಂದು ಕಾಲಕ್ಕೆ ಸೋದರಮಾವನ ಮಾತೇ ಕೊನೆ. ಸುಪ್ರೀಂ ಕೋರ್ಟು 2008ರ ಜನವರಿ 16ರಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ಗಂಟನ್ನು ಬಿಡಿಸಿತು. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ ಆಕೆ ಒಪ್ಪಿದ್ದರು. ಅರಿವಳಿಕೆಯಲ್ಲಿ ಇರುವಾಗಲೇ ವೈದ್ಯೆ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. ಜೀವಕ್ಕೆ ಅಪಾಯ ಇಲ್ಲದ ಹೊತ್ತಿನಲ್ಲಿ ಪ್ರಾಯಕ್ಕೆ ಬಂದ ಹೆಂಗಸಿನ ಪರವಾಗಿ ಹೆತ್ತ ತಾಯಿಯೂ ಒಪ್ಪುವಂತಿಲ್ಲ ಎಂದಿತು ನ್ಯಾಯಪೀಠ. ಮನೆಯವರನ್ನು ಹೊರಗಿಡಿ ಎಂದು ಇದರ ಅರ್ಥವಲ್ಲ. ಎಲ್ಲರೂ ಕೂತು ಮಾತಾಡಲಿ, ಕೊನೆಯ ಮಾತು ಯಾರ ಮೈಯೋ ಅವರದಾಗಿರಲಿ.

ಬೇರೆಯವರು ಒಪ್ಪಿಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಗ ಪಕ್ಕದ ಆಂಧ್ರಕ್ಕೆ ಸೇರಿದ್ದ ಖಮ್ಮಂನಲ್ಲಿ 2009-10ರಲ್ಲಿ ನಡೆದ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಅಧ್ಯಯನ ಉದಾಹರಣೆ. ಹಾಸ್ಟೆಲಿನ ಆದಿವಾಸಿ ಹೆಣ್ಣುಮಕ್ಕಳ ಒಪ್ಪಿಗೆ ಪತ್ರಗಳಲ್ಲಿ ಅನೇಕಕ್ಕೆ ಸಹಿ ಹಾಕಿದವರು ವಾರ್ಡನ್‌ಗಳು. ಲಸಿಕೆ ಒಳ್ಳೆಯದೇ, ಕೆಲವು ಹುಡುಗಿಯರ ಸಾವಿಗೆ ಅದು ಕಾರಣ ಎಂದೂ ತನಿಖೆ ಹೇಳಲಿಲ್ಲ. ಆದರೂ ಅಧ್ಯಯನ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಒಂದು ಒಳ್ಳೆಯ ಲಸಿಕೆಯ ಬಗ್ಗೆ ಈ ದೇಶದ ತಂದೆತಾಯಿಗಳಲ್ಲಿ ವರ್ಷಗಟ್ಟಲೆ ಸಂಶಯ ಉಳಿಯಿತು.

ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯರಷ್ಟೇ ಇದ್ದರೆ ಸಾಲದು ಎಂಬ ನಿಯಮ ಇಂಥ ಅನುಭವಗಳಿಂದ ಬಂದದ್ದು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ಬಲ್ಲವರು, ಸಮಾಜವಿಜ್ಞಾನಿ, ಜೊತೆಗೆ ಒಬ್ಬ ಸಾಮಾನ್ಯ ಪ್ರಜೆ ಇರಬೇಕು. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ನೀತಿಶಾಸ್ತ್ರಕ್ಕೆಂದೇ ಒಂದು ಕೇಂದ್ರ ಆರಂಭವಾಯಿತು, ಜೈವಿಕ ನೀತಿಶಾಸ್ತ್ರದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತದೆ. ಇಂಥ ಕೇಂದ್ರಗಳು ವೈದ್ಯರಿಗೆ ಪಾಠ ಹೇಳುವಷ್ಟೇ ಶ್ರದ್ಧೆಯಿಂದ ಸಮಿತಿಯ ಆ ಸಾಮಾನ್ಯ ಪ್ರಜೆಗೂ ತರಬೇತಿ ಕೊಡಬೇಕು. ವಿದ್ವಾಂಸರ ನಡುವೆ ಕೂತು 'ಇದು ನನಗೆ ಅರ್ಥವಾಗಲಿಲ್ಲ' ಎನ್ನುವ ಧೈರ್ಯ ಆತನಿಗೆ ಇದ್ದರೆ ಅರ್ಧ ಕೆಲಸ ಆದಂತೆ.

ಕೇಳಲು ಸಾಧ್ಯವೇ ಇಲ್ಲದವರ ಗತಿ ಏನು?

ಉತ್ತರ ಕನ್ನಡದ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ವಾರ್ಡ್‌ಬಾಯ್ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ತಪ್ಪಿತು. 2015ರ ಮೇ 18ರಂದು ತೀರಿಕೊಳ್ಳುವ ತನಕ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ಹಾಸಿಗೆ. ಆಕೆಗೆ ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಬೇಕು ಎಂದು ಪತ್ರಕರ್ತೆ ಪಿಂಕಿ ವಿರಾಣಿ ಸುಪ್ರೀಂ ಕೋರ್ಟಿಗೆ ಹೋದರು. ನರ್ಸುಗಳು ವಿರೋಧಿಸಿದರು. 2011ರ ಮಾರ್ಚ್ 7ರ ತೀರ್ಪು, ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯುವುದು ಕೆಲವು ಸಂದರ್ಭಗಳಲ್ಲಿ ಕಾನೂನುಬದ್ಧ ಎಂದಿತು. ಆದರೆ ಅರುಣಾ ಪರವಾಗಿ ಮಾತಾಡುವ ಹಕ್ಕು ದಿನವೂ ನೋಡಿಕೊಳ್ಳುತ್ತಿರುವ ಆಸ್ಪತ್ರೆಯ ಸಿಬ್ಬಂದಿಯದು ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು.

ನಾಲ್ಕು ಸೂತ್ರಗಳಿಗೆ ಈ ನರ್ಸುಗಳ ವಾದ ಪೂರ್ತಿ ಸಿಗುವುದಿಲ್ಲ. ಅದಕ್ಕೆ ಹತ್ತಿರ ಬರುವುದು ಕ್ಯಾರಲ್ ಗಿಲಿಗನ್ 1982ರಲ್ಲಿ ಮುಂದಿಟ್ಟ ಆರೈಕೆಯ ನೀತಿ. ನಿಯಮ, ಹಕ್ಕುಗಳ ಜೊತೆಗೆ ಸಂಬಂಧಗಳಿಂದ ಹುಟ್ಟುವ ಹೊಣೆಗೂ ನೈತಿಕ ತೂಕ ಇದೆ ಎನ್ನುತ್ತದೆ ಅದು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು ಬಂದು, ಮಗ್ಗುಲು ಬದಲಿಸಿ, ಹಾಸಿಗೆ ಹುಣ್ಣಾಗದಂತೆ ನೋಡಿಕೊಂಡ ಆ ಹೆಣ್ಣುಮಕ್ಕಳ ನಾಲ್ಕು ದಶಕಗಳ ಕೆಲಸ ಈ ದೇಶದ ನೀತಿಶಾಸ್ತ್ರದ ದೊಡ್ಡ ಅಧ್ಯಾಯ. ಹಾಗಿದ್ದೂ ಅರುಣಾಗೆ ಏನು ಬೇಕಿತ್ತು ಎಂಬ ಪ್ರಶ್ನೆ ಪಿಂಕಿ ವಿರಾಣಿ ಎತ್ತಿದ್ದು ಸರಿಯಾಗಿಯೇ ಇತ್ತು. ಉತ್ತರ ಹೇಳಬಹುದಾದವಳು 25ನೇ ವಯಸ್ಸಿನಲ್ಲೇ ಮಾತು ಕಳೆದುಕೊಂಡಿದ್ದಳು.

ಸಾವಿನ ಬಗ್ಗೆ ಮೊದಲೇ ಮಾತಾಡುವುದು ನಮ್ಮ ನಾಡಿಗೆ ಹೊರಗಿನದೇನಲ್ಲ. ಶ್ರವಣಬೆಳಗೊಳದ ನಿಷಿಧಿಗಲ್ಲುಗಳು ಜೈನರ ಉಪವಾಸ ವ್ರತವಾದ ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರು ಹೇಳುತ್ತವೆ. ಬರಗಾಲ, ಮುಪ್ಪು, ಗುಣವಾಗದ ರೋಗದಂಥ ಸಂದರ್ಭಗಳಲ್ಲಿ ಮಾತ್ರ ಎಂದು ಜೈನ ಆಚಾರ್ಯ ಸಮಂತಭದ್ರರು ಅದಕ್ಕೆ ಎಲ್ಲೆ ಹಾಕಿದ್ದರು. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟಿನಲ್ಲಿ ಅದನ್ನು ಆತ್ಮಹತ್ಯೆ ಎಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ವ್ರತವೂ ವೆಂಟಿಲೇಟರೂ ಒಂದೇ ಅಲ್ಲ. ಆದರೆ ಕೊನೆಯ ದಿನಗಳು ಹೇಗಿರಬೇಕೆಂದು ಮನುಷ್ಯ ಎಚ್ಚರದಲ್ಲಿದ್ದಾಗಲೇ ಹೇಳಬಹುದು ಎಂಬ ವಿಚಾರ ಎರಡರಲ್ಲೂ ಇದೆ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದು ಜೀವಿಸುವ ಹಕ್ಕಿನ ಭಾಗ ಎಂದಿತು, ಮುಂಗಡ ವೈದ್ಯಕೀಯ ಇಚ್ಛಾಪತ್ರಕ್ಕೆ ಮಾನ್ಯತೆ ಕೊಟ್ಟಿತು. ಆಗ ಹಾಕಿದ ಷರತ್ತುಗಳು ಎಷ್ಟು ಕಠಿಣವೆಂದರೆ ಮ್ಯಾಜಿಸ್ಟ್ರೇಟರ ಸಹಿ ಇಲ್ಲದೆ ಪತ್ರಕ್ಕೆ ಬೆಲೆಯೇ ಇರಲಿಲ್ಲ. 2023ರ ಜನವರಿಯಲ್ಲಿ ಅವನ್ನು ಸಡಿಲಿಸಿದರು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ರಾಜ್ಯದಲ್ಲಿ ಜಾರಿಗೆ ತರುವ ಆದೇಶ ಹೊರಡಿಸಿತು. ಅದಕ್ಕಾಗಿ ವರ್ಷಗಟ್ಟಲೆ ಸರಕಾರಕ್ಕೆ, ಕೋರ್ಟಿಗೆ ಬರೆಯುತ್ತಲೇ ಇದ್ದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಆಗ ಪತ್ರಿಕೆಗಳಲ್ಲಿ ಬಂತು. ಗುಣವಾಗುವ ಆಸೆ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಲು ಮಾತ್ರ ಈ ಆದೇಶ ದಾರಿ ಕೊಡುತ್ತದೆ; ಇಂಜೆಕ್ಷನ್ ಕೊಟ್ಟು ಸಾಯಿಸುವುದು ಈಗಲೂ ಅಪರಾಧ. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮೊದಲ ಮಂಡಳಿ, ಅದರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರಿರುವ ಎರಡನೆಯ ಮಂಡಳಿ, ಎರಡೂ ಒಪ್ಪಬೇಕು, ರೋಗಿಯ ಪರವಾಗಿ ಮಾತಾಡುವವರೂ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು.

ಇಚ್ಛಾಪತ್ರ ಬರೆಯುವುದು ಈಗ ಕಷ್ಟವಲ್ಲ. 18 ತುಂಬಿದ, ಮನಸ್ಸು ಸ್ಥಿಮಿತದಲ್ಲಿರುವ ಯಾರಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ತಮ್ಮ ಪರವಾಗಿ ತೀರ್ಮಾನ ಹೇಳುವ ಒಬ್ಬರಿಗಿಂತ ಹೆಚ್ಚು ಮಂದಿಯ ಹೆಸರು. ಒಂದು ಪ್ರತಿ ಮನೆ ಡಾಕ್ಟರಿಗೆ, ಒಂದು ಪ್ರತಿ ನಗರಪಾಲಿಕೆ ಅಥವಾ ಪಂಚಾಯತು ನೇಮಿಸಿದ ಅಧಿಕಾರಿಗೆ. ಕಾಸರಗೋಡಿನ ಪಂಚಾಯತಿನಲ್ಲಿ ಇಟ್ಟ ಪತ್ರವೂ ಮಂಗಳೂರಿನ ಐಸಿಯುವಿನಲ್ಲಿ ನಡೆಯಬೇಕು, ಯಾಕೆಂದರೆ ಅದರ ಬಲ ಬಂದದ್ದು ಸುಪ್ರೀಂ ಕೋರ್ಟಿನಿಂದ. ಅದು ನಡೆಯಬೇಕಾದರೆ ಐಸಿಯುವಿನ ವೈದ್ಯರಿಗೆ ಪತ್ರ ಇದೆ ಎಂದು ಗೊತ್ತಿರಬೇಕು, ಹೆಸರು ಹೇಳಿಸಿಕೊಂಡವರು ರಾತ್ರಿ ಎರಡು ಗಂಟೆಗೆ ಫೋನು ಎತ್ತಬೇಕು, ದುಬೈಯಿಂದ ಬಂದ ಮಗ 'ಅಪ್ಪ ನನ್ನ ಹತ್ತಿರ ಹೀಗೆ ಹೇಳಿಯೇ ಇಲ್ಲ' ಎನ್ನದಿರಬೇಕು. ಹಾಗಾಗಿ ನೋಟರಿಯ ಬಳಿಗೆ ಹೋಗುವ ಮೊದಲು ಪತ್ರವನ್ನು ಮನೆಯ ಊಟದ ಮೇಜಿನ ಮೇಲಿಟ್ಟು, ಊರಿನಲ್ಲಿರುವ ಮಕ್ಕಳಿಗೂ ಹೊರಗಿರುವ ಮಕ್ಕಳಿಗೂ ಓದಿ ಹೇಳಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸಹಿ ಮಾಡುವುದು ಒಳ್ಳೆಯದು.